ದುರ್ಗದಬೈಲ್: ಪೇಟೆ ಕಟ್ಟಿದ ಊರು

1673ರಲ್ಲಿ ಅಣ್ಣಾಜಿ ದತ್ತೋ ಮುಂದಾಳತ್ವದ ಮರಾಠಾ ಪಡೆ ಹುಬ್ಬಳ್ಳಿಯ ಮೇಲೆ ಎರಗಿತು. ಊರು ಆಗ ಬಿಜಾಪುರದ ಆದಿಲಶಾಹಿಗಳದು. ಆ ರಾಜ್ಯವೋ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಸುಲಿಗೆಗೆ ಸಿಕ್ಕ ಮಳಿಗೆಗಳಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯೂ ಒಂದು. ತಮಗೆ ಸುಮಾರು 8,000 ವರಹ ನಷ್ಟವಾಯಿತೆಂದು ಕಂಪನಿಯವರು ಲೆಕ್ಕ ಬರೆದರು. ಪರಿಹಾರದ ಮಾತುಕತೆ ವರ್ಷಗಟ್ಟಲೆ ಎಳೆಯಿತು.

ಸಮುದ್ರದ ವ್ಯಾಪಾರಿಗಳಿಗೆ ಘಟ್ಟ ಹತ್ತಿ ಬಂದು ಇಲ್ಲಿ ಕೋಠಿ ಇಡುವ ಅಗತ್ಯವೇನಿತ್ತು? ಕಾರವಾರದ ಬಂದರಿನಲ್ಲಿ ಹಡಗು ತುಂಬಬೇಕಾದರೆ ಬಟ್ಟೆ ಬೇಕು, ಬಟ್ಟೆ ಬೇಕಾದರೆ ಹುಬ್ಬಳ್ಳಿಗೆ ಬರಬೇಕು. ಆ ಕಾಲಕ್ಕೇ ಊರಿನ ಹೆಸರು ಅಷ್ಟು ದೂರ ಹೋಗಿತ್ತು. ಹುಬ್ಬಳ್ಳಿಯನ್ನು ರಾಜಧಾನಿ ಮಾಡಿಕೊಂಡು ಆಳಿದ ಅರಸುಮನೆತನ ಯಾವುದೂ ಇಲ್ಲ. ಇಲ್ಲಿ ಸಿಂಹಾಸನವಿರಲಿಲ್ಲ, ಅರಮನೆಯಿರಲಿಲ್ಲ. ಆದರೂ ಬಿಜಾಪುರ, ಮೊಗಲರು, ಸವಣೂರು, ಪೇಶ್ವೆ, ಹೈದರ್, ಟಿಪ್ಪು, ಕಂಪನಿ ಸರಕಾರ ಎಲ್ಲರೂ ಈ ಊರಿಗಾಗಿ ಕೈ ಚಾಚಿದರು. ಅವರನ್ನೆಲ್ಲ ಎಳೆದು ತಂದದ್ದು ಇಲ್ಲಿನ ಪೇಟೆ. ಅದರ ನಡುಬಯಲಾದ ದುರ್ಗದಬೈಲ್ ಮತ್ತು ಸುತ್ತಲಿನ ಓಣಿಗಳ ಚರಿತ್ರೆಯೆಂದರೆ ಆ ಪೇಟೆ ಮುರಿದು ಬಿದ್ದಾಗಲೆಲ್ಲ ಮತ್ತೆ ಎದ್ದು ನಿಂತ ಚರಿತ್ರೆ.

ಎರಡು ಸೀಮೆಗಳ ನಡುವೆ

ಹುಬ್ಬಳ್ಳಿಯ ಅದೃಷ್ಟ ಇರುವುದು ಅದು ನಿಂತ ನೆಲದಲ್ಲಿ. ಪಶ್ಚಿಮಕ್ಕೆ ಕಲಘಟಗಿ, ಹಳಿಯಾಳ, ಯಲ್ಲಾಪುರದ ದಾರಿ ಹಿಡಿದರೆ ಮಲೆನಾಡು: ಭತ್ತ, ಅಡಿಕೆ, ಸಾಗುವಾನಿ, ಬಿದಿರು. ಪೂರ್ವಕ್ಕೆ ನವಲಗುಂದ, ಗದಗಿನ ದಾರಿ ಹಿಡಿದರೆ ಕಣ್ಣು ಹಾಯುವಷ್ಟೂ ಎರೆ ಭೂಮಿ: ಜೋಳ, ಗೋದಿ, ಕುಸುಬಿ, ಹತ್ತಿ. ಕರಾವಳಿಯ ಉಪ್ಪು ತೆಂಗು ಮೇಲೇರಿ ಬಂದು ಇಳಿಯುತ್ತಿದ್ದದ್ದು ಇಲ್ಲಿ. ಬಯಲುಸೀಮೆಯ ಕಾಳು ಬಟ್ಟೆ ಕೆಳಗಿಳಿಯಲು ಹೊರಡುತ್ತಿದ್ದದ್ದೂ ಇಲ್ಲಿಂದ. ಒಂದು ಸೀಮೆಯಲ್ಲಿ ಬೆಳೆಯುವುದು ಇನ್ನೊಂದರಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಆಳುವವನು ಯಾರೇ ಇರಲಿ, ಎತ್ತಿನ ಹೇರು ಮತ್ತು ಚಕ್ಕಡಿಗಳು ಈ ಜಾಗದಲ್ಲಿ ಎದುರುಬದುರಾಗಲೇಬೇಕಿತ್ತು.

ಮೊದಲ ಊರು ಈಗಿನ ಹಳೇ ಹುಬ್ಬಳ್ಳಿ. ರಾಯರ ಹುಬ್ಬಳ್ಳಿ ಎಂಬ ಹೆಸರೂ ಅದಕ್ಕಿತ್ತು. ಅಲ್ಲಿನ ಭವಾನಿಶಂಕರ ದೇವಾಲಯ, ಜೈನ ಬಸದಿ ಆ ಊರಿನ ಪ್ರಾಚೀನತೆಯನ್ನು ಹೇಳುತ್ತವೆ. ಹತ್ತಿರದ ಉಣಕಲ್ಲಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚಂದ್ರಮೌಳೀಶ್ವರ ಗುಡಿಯಿದೆ. ಕಲ್ಯಾಣ ಚಾಲುಕ್ಯರ ಕಾಲದ ಆ ಕೆತ್ತನೆ ನೋಡಿದವರಿಗೆ ಈ ಸುತ್ತಿನಲ್ಲಿ ಸಾವಿರ ವರ್ಷದ ಹಿಂದೆಯೂ ಕೈತುಂಬ ಖರ್ಚು ಮಾಡುವ ಶಕ್ತಿ ಇದ್ದವರು ಇದ್ದರೆಂದು ತಿಳಿಯುತ್ತದೆ.

ಶೆಟ್ಟರು ಎಬ್ಬಿಸಿದ ಹೊಸ ಹುಬ್ಬಳ್ಳಿ

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮೊಗಲರ ಅಧೀನದಲ್ಲಿ ಈ ಸೀಮೆ ಸವಣೂರಿನ ನವಾಬರಿಗೆ ಹೋಯಿತು. ನವಾಬ ಮಜೀದ್ ಖಾನನ ಹೆಸರಿನಲ್ಲಿ ಹಳೆಯ ಊರಿನ ಮಗ್ಗುಲಿಗೆ ಮಜೀದಪುರ ಎಂಬ ಬಡಾವಣೆ ಎದ್ದಿತು. ಆದರೆ ಊರಿನ ದಿಕ್ಕನ್ನೇ ಬದಲಿಸಿದ್ದು ಬಸಪ್ಪ ಶೆಟ್ಟರು ಎಂಬ ವ್ಯಾಪಾರಿಯ ಕೆಲಸ. 18ನೇ ಶತಮಾನದ ಮೊದಲ ಭಾಗದಲ್ಲಿ ಅವರು ಕೋಟೆ ಮತ್ತು ಅದರ ಮುಂದಿನ ಬಯಲನ್ನು ಹಿಡಿದು ಹೊಸ ಪೇಟೆಯೊಂದನ್ನು ಕಟ್ಟಿಸಿದರು. ಆ ಬಯಲೇ ದುರ್ಗದಬೈಲ್. ಅದರ ಸುತ್ತ ಬೆಳೆದದ್ದು ಹೊಸ ಹುಬ್ಬಳ್ಳಿ.

ಒಬ್ಬ ವ್ಯಾಪಾರಿ ಊರು ಕಟ್ಟಿದರೆ ಅದು ಹೇಗಿರುತ್ತದೆ ಎಂಬುದನ್ನು ಈ ಓಣಿಗಳು ಇವತ್ತಿಗೂ ತೋರಿಸುತ್ತವೆ. ನಡುವೆ ಬಂಡಿ ಬಿಡಲು, ಹೇರು ಇಳಿಸಲು, ಸಂತೆ ಕೂಡಲು ತೆರಪು. ಅಲ್ಲಿಂದ ಒಡೆದು ಹೋಗುವ ಓಣಿಗಳಲ್ಲಿ ಒಂದೊಂದು ಸರಕಿಗೆ, ಒಂದೊಂದು ಕಸುಬಿಗೆ ಒಂದೊಂದು ನೆಲೆ. ಬಟ್ಟೆಯವರದು ಜವಳಿ ಸಾಲು, ತಾಮ್ರ ಹಿತ್ತಾಳೆಯವರದು ಕಂಚಗಾರ ಗಲ್ಲಿ, ಬುಟ್ಟಿ ಮೊರ ಹೆಣೆಯುವವರದು ಮೇದಾರ ಓಣಿ. ಅಕ್ಕಿಹೊಂಡ, ಭೂಸಪೇಟೆ, ಹಿರೇಪೇಟೆ, ಶಾ ಬಜಾರ್, ಬೆಳಗಾವಿ ಗಲ್ಲಿ ಎಲ್ಲವೂ ಕಾಲ್ನಡಿಗೆಯ ದೂರದೊಳಗೇ. ಪಟ್ಟೆಗಾರರು ಎಂದು ಹೆಸರಾದ ನೇಕಾರ ಸಮುದಾಯ ದಾಜಿಬಾನ ಪೇಟೆಯಲ್ಲಿ ತುಳಜಾಭವಾನಿಯ ಗುಡಿಯ ಸುತ್ತ ನೆಲೆಸಿತು. ಮೂರುಸಾವಿರ ಮಠ ಪೇಟೆಯ ಲಿಂಗಾಯತ ವ್ಯಾಪಾರಿಗಳಿಗೆ ಧರ್ಮದ ಆಸರೆಯಾಯಿತು. ಕನ್ನಡ, ಮರಾಠಿ, ಉರ್ದು, ನೇಕಾರರ ಮನೆಮಾತು, ಆಮೇಲೆ ಬಂದ ಗುಜರಾತಿ, ಮಾರವಾಡಿ ಹೀಗೆ ಹಲವು ನುಡಿ ಒಂದೇ ಬಜಾರಿನಲ್ಲಿ ಬೆರೆತವು. ಲೇವಾದೇವಿ ಮಾಡುವವರಿಗೆ ನಾಲ್ಕು ಭಾಷೆ ಬರುವುದು ಇಲ್ಲಿ ಯಾರಿಗೂ ಹೆಚ್ಚುಗಾರಿಕೆಯೆನಿಸಲಿಲ್ಲ.

ಒಂದು ಊರು, ಎರಡು ಸರಕಾರ

ಹೊಸ ಪೇಟೆ ಬೆಳೆದದ್ದು ಶಾಂತಿಯ ಕಾಲದಲ್ಲಲ್ಲ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಸವಣೂರಿನ ನವಾಬನನ್ನು ಮಣಿಸಿ ಹುಬ್ಬಳ್ಳಿಯನ್ನು ಪಡೆದ. ಮುಂದೆ ಹೈದರಾಲಿ ಬಂದ, ಅವನ ನಂತರ ಟಿಪ್ಪು. 1790ರಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೇನೆ ಇಂಗ್ಲಿಷರ ತುಕಡಿಯೊಂದನ್ನು ಜೊತೆಗಿಟ್ಟುಕೊಂಡು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತು. ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಆರು ತಿಂಗಳಿಗೂ ಮಿಕ್ಕಿ ಕಾದು, 1791ರ ಏಪ್ರಿಲಿನಲ್ಲಿ ಕೋಟೆ ಬಿಟ್ಟುಕೊಟ್ಟ. ಹುಬ್ಬಳ್ಳಿ ಮತ್ತೆ ಮರಾಠರದಾಯಿತು.

ಆಗ ಆದ ಹಂಚಿಕೆ ವಿಚಿತ್ರದ್ದು. ಹಳೇ ಹುಬ್ಬಳ್ಳಿ ಪೇಶ್ವೆಯ ಪರವಾಗಿ ಫಡಕೆ ಮನೆತನದ ಕೈಗೆ, ಹೊಸ ಹುಬ್ಬಳ್ಳಿ ಸಾಂಗಲಿಯ ಪಟವರ್ಧನರ ಕೈಗೆ. 1817ರಲ್ಲಿ ಇಂಗ್ಲಿಷರು ಪೇಶ್ವೆಯಿಂದ ಹಳೇ ಹುಬ್ಬಳ್ಳಿಯನ್ನು ಪಡೆದರು. ದುರ್ಗದಬೈಲ್ ಇನ್ನೂ ಸಾಂಗಲಿಯದೇ. ಮೂರು ವರ್ಷ ಊರಿನ ಒಂದು ಭಾಗ ಕಂಪನಿ ಸರಕಾರಕ್ಕೆ, ಇನ್ನೊಂದು ಭಾಗ ಸಂಸ್ಥಾನಿಕರಿಗೆ ಸುಂಕ ಕಟ್ಟಿತು. 1820ರಲ್ಲಿ ಸಾಂಗಲಿಯವರು ಸೈನ್ಯದ ಖರ್ಚಿನ ಬಾಬತ್ತಿಗೆ ಬದಲಾಗಿ ಹೊಸ ಹುಬ್ಬಳ್ಳಿಯನ್ನೂ ಅದರೊಂದಿಗೆ 47 ಹಳ್ಳಿಗಳನ್ನೂ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಹೊಸ ಸರಕಾರ ಕಲೆಕ್ಟರ್ ಕಚೇರಿಯನ್ನು 20 ಕಿಲೋಮೀಟರ್ ಆಚೆಯ ಧಾರವಾಡದಲ್ಲಿಟ್ಟಿತು. ಕಚೇರಿ, ಶಾಲೆ, ಸಾಹಿತ್ಯ ಧಾರವಾಡಕ್ಕೆ. ಗಾದಿ, ದಲಾಲಿ, ಹುಂಡಿ ಹುಬ್ಬಳ್ಳಿಗೆ. ಅವಳಿ ನಗರದ ಸ್ವಭಾವ ಬೇರೆಬೇರೆಯಾದದ್ದು ಅಂದಿನಿಂದ.

ಅಂಗಡಿಯ ಬೆನ್ನಿಗೆ ಮನೆ

ಈ ಪೇಟೆಯ ಕಟ್ಟಡಗಳನ್ನು ಕಟ್ಟಿದ ಕಮ್ಮಾರ, ಬಡಗಿ, ಗೌಂಡಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಅವರ ಯೋಚನೆ ಕಟ್ಟಡದೊಳಗೇ ಉಳಿದಿದೆ. ಬಜಾರಿನಲ್ಲಿ ಬೀದಿಗೆ ತೆರೆದ ಒಂದೊಂದು ಮೊಳವೂ ದುಡಿಮೆಯ ಜಾಗ. ಹಾಗಾಗಿ ಮುಂಭಾಗ ಕಿರಿದು, ಒಳಗೆ ಹೋದಷ್ಟೂ ಉದ್ದ. ಬೀದಿಗಿಂತ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಮಳೆನೀರು ಒಳಗೆ ಬಾರದಂತೆ ತಡೆಯುವುದೂ ಅದೇ, ಗಿರಾಕಿ ಕೂರುವುದೂ ಅದರ ಮೇಲೆ, ಹಮಾಲ ತಲೆಯ ಹೊರೆ ಇಳಿಸುವುದೂ ಅದರ ಮೇಲೆ. ಅದರ ಹಿಂದೆ ಗಾದಿ ತಕ್ಕೆ ಹಾಕಿದ ಅಂಗಡಿ. ಅದರಾಚೆ ಉಗ್ರಾಣ. ಅದನ್ನು ದಾಟಿದರೆ ಪಡಸಾಲೆ, ಅಡಿಗೆಮನೆ, ದೇವರ ಮನೆ, ಕೊನೆಗೆ ಬಾವಿ ಅಥವಾ ಹಿತ್ತಲು.

ಮೇಲೆ ಅಟ್ಟ. ಕೆಳಗೆ ಮಾರುವ ಸರಕನ್ನು ಒಣಗಿದ ಜಾಗದಲ್ಲಿ ಇಡಲು ಅದು ಬೇಕಿತ್ತು; ದೂರದೂರಿನಿಂದ ಬಂದ ವ್ಯಾಪಾರಿ ರಾತ್ರಿ ತಂಗಲೂ ಬೇಕಿತ್ತು. ಮರದ ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡ ಜಂತೆ. ಸಾಗುವಾನಿ ಹಳಿಯಾಳ, ದಾಂಡೇಲಿಯ ಕಾಡುಗಳಿಂದ ಬಂಡಿಯ ಮೇಲೆ ಬರುತ್ತಿತ್ತು. ಗೋಡೆಗೆ ಕಲ್ಲು ಮಣ್ಣು, ಹೊರಗೆ ಗಾರೆ. ಗೋಡೆಯೊಳಗೆ ದೀಪಕ್ಕೊಂದು, ಲೆಕ್ಕದ ವಹಿಗೊಂದು ಮಾಡ. ಪಕ್ಕದ ಮನೆಯ ಗೋಡೆ ತಾಗಿಕೊಂಡೇ ಇರುವುದರಿಂದ ಎರಡು ಮಗ್ಗುಲಿನಿಂದಲೂ ಕಿಟಕಿಗೆ ಎಡೆಯಿಲ್ಲ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯಬೇಕು, ಗಾಳಿ ಹಿತ್ತಲಿನಿಂದ ಬೀದಿಗೆ ಹಾಯಬೇಕು. ಬೇಸಿಗೆಯ ಮಧ್ಯಾಹ್ನ ಇಂಥ ಪಡಸಾಲೆಗೆ ಕಾಲಿಟ್ಟರೆ ಹೊರಗಿನ ಉರಿ ಬಾಗಿಲಲ್ಲೇ ನಿಲ್ಲುತ್ತದೆ.

ಚಾವಣಿಯಲ್ಲಿ ಎರಡು ಸೀಮೆಗಳು ಮತ್ತೆ ಭೇಟಿಯಾಗುತ್ತವೆ. ಪೂರ್ವದ ಊರುಗಳಲ್ಲಿ ಮಳೆ ಕಡಿಮೆ, ಅಲ್ಲಿನ ಮನೆಗಳಿಗೆ ಮಣ್ಣು ಹೊದಿಸಿದ ಸಮತಟ್ಟು ಮೇಲ್ಮುದ್ದೆ ಸಾಕು. ಪಶ್ಚಿಮದಲ್ಲಿ ಇಳಿಜಾರು ಹೆಂಚು ಬೇಕೇ ಬೇಕು. ಹುಬ್ಬಳ್ಳಿಯಲ್ಲಿ ಒಂದೇ ಓಣಿಯೊಳಗೆ ಮೇಲ್ಮುದ್ದೆಯೂ ಹೆಂಚೂ ಅಕ್ಕಪಕ್ಕ ಕಾಣುತ್ತವೆ. ಕೆಲವು ಮನೆಗಳಲ್ಲಿ ಹಿಂದಿನ ಭಾಗಕ್ಕೆ ಮೇಲ್ಮುದ್ದೆ, ಬೀದಿಯ ಕಡೆಗೆ ಹೆಂಚು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಕರಾವಳಿಯಿಂದ ಮೇಲೇರಿ ಬಂದು ನಾಡಹೆಂಚಿನ ಜಾಗ ಹಿಡಿಯಿತು.

ಹತ್ತಿಯ ಹೊನ್ನು

1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜವನ್ನು ಧಾರವಾಡ ಜಿಲ್ಲೆಯ ಎರೆಮಣ್ಣಿನಲ್ಲಿ ಬಿತ್ತಿಸಿತು. ಹುಬ್ಬಳ್ಳಿಗೆ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲಗಳಿದ್ದವು. ಹಲವು ಜಿಲ್ಲೆಗಳಲ್ಲಿ ಸೋತ ಆ ತಳಿ ಇಲ್ಲಿ ಬೇರೂರಿತು. ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲಿ ಲಿವರ್‌ಪೂಲಿನ ಮಾರುಕಟ್ಟೆಯವರೆಗೆ ಹೋಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳು ಮುಚ್ಚಿದವು. ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಹಿಂದೂಸ್ತಾನದ ಕಡೆ ತಿರುಗಿದವು. ಧಾರವಾಡದ ಹತ್ತಿಗೆ ಕಾರವಾರದ ಬಂದರನ್ನು ಜೋಡಿಸುವ ಸಲುವಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹುಬ್ಬಳ್ಳಿಯ ಪೇಟೆಗೆ ಬರುವ ಹತ್ತಿಯ ಅಂಡಿಗೆಗಳಿಗಾಗಿ ಎರಡು ಪ್ರಾಂತಗಳ ಗಡಿ ಸರಿಯಿತು.

ಯುದ್ಧ ಮುಗಿದು ದರ ಕುಸಿದಾಗ ಅನೇಕರು ಮುಳುಗಿದರು. ಉಳಿದವರು ಆ ನಾಲ್ಕು ವರ್ಷದ ಗಳಿಕೆಯನ್ನು ಕಲ್ಲು ಮರಕ್ಕೆ ಸುರಿದರು. ಅದರ ಬೆನ್ನಿಗೇ 1876ರಿಂದ 1878ರವರೆಗಿನ ಘೋರ ಬರ. ಹತ್ತಿ ಬಿತ್ತಿದ ರೈತ ಕಾಳಿಲ್ಲದೆ ಸತ್ತ ಕಾಲ ಅದು. ಪೇಟೆಯ ಸಂಪತ್ತು ಹೊಲದ ಬೆವರಿಗೆ ಎಷ್ಟು ಕಟ್ಟುಬಿದ್ದಿತ್ತೆಂಬುದನ್ನು ಜನಗಣತಿ ಹೇಳುತ್ತದೆ: 1872ರಲ್ಲಿ 37,961 ಇದ್ದ ಹುಬ್ಬಳ್ಳಿಯ ಜನಸಂಖ್ಯೆ 1881ಕ್ಕೆ 36,677ಕ್ಕೆ ಇಳಿದಿತ್ತು.

ರೈಲು ಬಂತು, ಪ್ಲೇಗು ಬಂತು

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಹುಬ್ಬಳ್ಳಿಗೆ ಹಳಿ ತಂದಿತು, ಇಲ್ಲಿಯೇ ದೊಡ್ಡ ಕಾರ್ಯಾಗಾರವನ್ನೂ ತೆರೆಯಿತು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿ ಎದ್ದಿತು. ಆ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಾಯಿತು. ಘಟ್ಟ ಇಳಿದು ಮಾರ್ಮಗೋವಾ ಬಂದರಿಗೆ ಹಳಿ ಸೇರಿದ ಮೇಲೆ ಕಾರವಾರದ ಬಂಡಿದಾರಿ ಹಿಂದೆ ಬಿತ್ತು. ಹತ್ತಿಯ ಜಿನ್ನು, ಪ್ರೆಸ್ಸುಗಳ ಚಿಮಣಿಗಳು ಸ್ಟೇಶನ್ನಿನ ಸುತ್ತ ಎದ್ದವು. ಹಳ್ಳಿಗಳಿಂದ ಬಂದ ಕಾರ್ಮಿಕರು ಸಂಬಳದ ದಿನ ದುರ್ಗದಬೈಲಿಗೆ ಬಂದರು. ರೈಲಿನೊಂದಿಗೆ ಕಬ್ಬಿಣದ ತೊಲೆ, ಎರಕದ ಕಟಾಂಜನ, ಬಣ್ಣದ ಗಾಜು ಬಂದವು. ಅಟ್ಟವಿದ್ದಲ್ಲಿ ಪೂರ್ಣ ಮಹಡಿ ಎದ್ದಿತು, ಬೀದಿಯ ಮೇಲೆ ಚಾಚಿದ ಮರದ ಸಜ್ಜೆಗಳು ಮೂಡಿದವು. 1901ರ ಗಣತಿಯಲ್ಲಿ ಹುಬ್ಬಳ್ಳಿಯ ಜನ 60,214. ಜಿಲ್ಲಾ ಕೇಂದ್ರವಾದ ಧಾರವಾಡ 31,279. ಇಪ್ಪತ್ತು ವರ್ಷದಲ್ಲಿ ಪೇಟೆಯ ಊರು ಕಚೇರಿಯ ಊರಿನ ಹೆಚ್ಚುಕಡಿಮೆ ಎರಡರಷ್ಟಾಗಿತ್ತು.

ಅದೇ ರೈಲುದಾರಿಯಲ್ಲಿ ಪ್ಲೇಗೂ ಬಂತು. 1898ರಲ್ಲಿ ಅದು ಹುಬ್ಬಳ್ಳಿಯನ್ನು ಹಿಂಡಿತು. ವ್ಯಾಪಾರಕ್ಕೆ ಅನುಕೂಲವೆಂದು ಒತ್ತೊತ್ತಾಗಿ ಕಟ್ಟಿದ್ದ ಮನೆಗಳು, ಕಾಳು ತುಂಬಿದ ಉಗ್ರಾಣಗಳು, ಗಾಳಿ ಬೆಳಕಿಲ್ಲದ ಒಳಕೋಣೆಗಳು ಇಲಿಗಳಿಗೆ ತವರಾಗಿದ್ದವು. ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹೂಡಿದರು. ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಹಿಂದಿನ ವರ್ಷ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಡಾಕ್ಟರ್ ಲ್ಯೂಮನ್ ನೇತೃತ್ವದಲ್ಲಿ ಹತ್ತಾರು ಸಾವಿರ ಜನ ತೋಳು ಕೊಟ್ಟರು. ಇಲ್ಲಿನ ಅಂಕಿಅಂಶಗಳನ್ನು ಆಮೇಲೆ ಭಾರತದ ಪ್ಲೇಗ್ ಕಮಿಷನ್ ಪರಿಶೀಲಿಸಿತು. ಇಲ್ಲಿಯ ಜನ ಜೀವಭಯದ ನಡುವೆ ತೋರಿದ ಧೈರ್ಯದಿಂದ ಜಗತ್ತಿನ ವೈದ್ಯಶಾಸ್ತ್ರ ಕಲಿತದ್ದುಂಟು. ಆ ಋಣ ನೆನೆಯುವ ಒಂದು ಫಲಕವಾದರೂ ಪೇಟೆಯಲ್ಲಿ ಇರಬೇಕು.

ಬಜಾರು ಬಾಯಿ ತೆರೆದಾಗ

ಸರಕಾರಗಳು ಬದಲಾದಾಗ ಸುಮ್ಮನೆ ಸುಂಕ ಕಟ್ಟಿಕೊಂಡಿದ್ದ ಪೇಟೆ 20ನೇ ಶತಮಾನದಲ್ಲಿ ಸುಮ್ಮನಿರಲಿಲ್ಲ. ವಿದೇಶಿ ಬಟ್ಟೆಯ ಬಹಿಷ್ಕಾರ ಜವಳಿ ವ್ಯಾಪಾರದ ಊರಿಗೆ ಬರಿಯ ಘೋಷಣೆಯಾಗಿರಲಿಲ್ಲ, ಅಂಗಡಿಯ ಗಂಟಿನ ಪ್ರಶ್ನೆಯಾಗಿತ್ತು. ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಪತ್ರಿಕೆ ಮುಂದೆ ಹುಬ್ಬಳ್ಳಿಗೆ ಬಂದು ನೆಲೆಯೂರಿತು. ಪೇಟೆಯ ಕಟ್ಟೆಗಳ ಮೇಲೆ ಬೆಳಗಿನ ಹತ್ತಿಯ ದರದ ಜೊತೆಗೆ ದೇಶದ ಸುದ್ದಿಯ ಚರ್ಚೆಯೂ ನಡೆಯಿತು.

1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಮೆರವಣಿಗೆ ದುರ್ಗದಬೈಲಿಗೆ ಬಂದಾಗ ಪೊಲೀಸರು ಗುಂಡು ಹಾರಿಸಿದರು. ನಾರಾಯಣ ಡೋಣಿ ಎಂಬ ಶಾಲಾ ಬಾಲಕ ಬಲಿಯಾದ. ಚಕ್ಕಡಿ ಬಿಡಲೆಂದು ವ್ಯಾಪಾರಿಯೊಬ್ಬ ತೆರೆದಿಟ್ಟ ಬಯಲು ಹೀಗೆ ಹುತಾತ್ಮನ ನೆತ್ತರು ಬಿದ್ದ ನೆಲವಾಯಿತು. ಇವತ್ತು ಸಂಜೆ ಅಲ್ಲಿ ಮಿರ್ಚಿ ಭಜಿ, ಗಿರಮಿಟ್ಟು ತಿನ್ನಲು ಸೇರುವ ಮಕ್ಕಳಿಗೆ ತಮ್ಮ ವಾರಿಗೆಯವನೇ ಆದ ಆ ಹುಡುಗನ ಹೆಸರು ಗೊತ್ತಿರಬೇಕು.

1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು ಹುಬ್ಬಳ್ಳಿಯ ಮಗ್ಗುಲಿನ ತಮ್ಮ ಹಳ್ಳಿಯಲ್ಲಿ 23 ದಿನ ಉಪವಾಸ ಕೂತರು. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರು ಸಭೆ ಸೇರಿದಾಗ ಸಾವಿರಾರು ಜನ ಬೀದಿಗಿಳಿದರು. ಏಕೀಕರಣದ ಕೂಗು ಬರಹಗಾರರ ಮೇಜಿನಿಂದ ಎದ್ದು ಪೇಟೆಯ ಗಂಟಲಿಗೆ ಬಂದದ್ದನ್ನು ನಾಯಕರು ಕಂಡರು. ಮೂರೂವರೆ ವರ್ಷದ ನಂತರ, 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾಯಿತು.

ಉಳಿಸಬೇಕಾದದ್ದು ಏನು

1962ರಲ್ಲಿ ಹುಬ್ಬಳ್ಳಿ ಧಾರವಾಡ ಎರಡೂ ಸೇರಿ ಒಂದೇ ಮಹಾನಗರಪಾಲಿಕೆಯಾದವು. ಕಾಳುಕಡಿ, ಹತ್ತಿಯ ಸಗಟು ವಹಿವಾಟು ಅಮರಗೋಳದ ಕೃಷಿ ಮಾರುಕಟ್ಟೆಗೆ ಹೋಯಿತು. ಗಿರಣಿಗಳು ನಿಂತವು. ಓಣಿಗಳ ಒಳಗಿನ ಮನೆತನಗಳು ವಿದ್ಯಾನಗರ, ಕೇಶ್ವಾಪುರದಂಥ ಬಡಾವಣೆಗಳಿಗೆ ಹೋದವು. ಅಂಗಡಿ ಉಳಿಯಿತು, ಅದರ ಬೆನ್ನಿಗಿದ್ದ ಮನೆ ಖಾಲಿಯಾಯಿತು. ಈ ಕಟ್ಟಡಗಳಿಗೆ ಆದ ದೊಡ್ಡ ಪೆಟ್ಟು ಇದೇ. ಹೆಂಚು ಸರಿಸುವವರಿಲ್ಲ, ಮೇಲ್ಮುದ್ದೆಗೆ ಮಣ್ಣು ಹಾಕುವವರಿಲ್ಲ. ಒಂದು ಮಳೆಗಾಲ ನೀರಿಳಿದರೆ ಜಂತೆ ಕೊಳೆಯುತ್ತದೆ. ಆಮೇಲೆ ಕೆಡವಿ, ಸಾಗುವಾನಿ ಕಂಬಗಳನ್ನು ಹಳೆ ಮರದ ವ್ಯಾಪಾರಿಗೆ ಕೊಟ್ಟು, ಅಲ್ಲೇ ಗಾಜು ಹೊದಿಸಿದ ಸಂಕೀರ್ಣ ಎಬ್ಬಿಸುವುದು ಒಂದು ವರ್ಷದ ಕೆಲಸ.

ಇದನ್ನು ತಡೆಯುವ ಬಲ ಈಗಿನ ಕಾಯ್ದೆಯಲ್ಲಿ ಕಡಿಮೆ. ಉಣಕಲ್ಲಿನ ಗುಡಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ, ಇರಲೇಬೇಕು. ಜವಳಿ ಸಾಲಿನ ಒಂದು ಅಂಗಡಿಮನೆಗೆ ಅಂಥ ರಕ್ಷಣೆಯಿಲ್ಲ, ಏಕೆಂದರೆ ಅದನ್ನು ಕಟ್ಟಿಸಿದವನು ಅರಸನಲ್ಲ, ಅದರ ಮುಂದೆ ಶಾಸನವಿಲ್ಲ. ಆದರೆ ಅಹಮದಾಬಾದಿನ ಹಳೆಯ ನಗರ 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೆರಡು ಸ್ಮಾರಕಗಳ ಬಲದಿಂದ ಮಾತ್ರವಲ್ಲ. ಅಲ್ಲಿನ ವ್ಯಾಪಾರಿಗಳು, ಕುಶಲಕರ್ಮಿಗಳು ಕಟ್ಟಿಕೊಂಡ ಪೋಳ ಎಂಬ ವಸತಿ ಓಣಿಗಳು, ಅವುಗಳ ಮರದ ಮನೆಗಳು ಆ ಮನ್ನಣೆಯ ತಿರುಳಾಗಿದ್ದವು. ಹುಬ್ಬಳ್ಳಿಗೂ ಅದೇ ಬಗೆಯ ಹಕ್ಕಿದೆ.

ಕೆಲಸ ಅಸಾಧ್ಯವಾದುದೇನಲ್ಲ. ಮುಂಬಯಿ ಪ್ರಾಂತದ ಕಾಲದಿಂದ ಬಂದ ಸಿಟಿ ಸರ್ವೆಯ ದಾಖಲೆಗಳಲ್ಲಿ ಪೇಟೆಯ ಒಂದೊಂದು ಮನೆಗೂ ಸಿಟಿಎಸ್ ನಂಬರು, ಅಳತೆ, ನಕ್ಷೆ ಇದೆ. ಆ ನಕ್ಷೆಗಳ ಮೇಲೆ ಇನ್ನೂ ನಿಂತಿರುವ ಹಳೆಯ ಮನೆಗಳನ್ನು ಗುರುತಿಸುವುದು ಮೊದಲ ಹೆಜ್ಜೆ. ಇದೇ ನಗರದಲ್ಲಿ ಸಿವಿಲ್, ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಕಂಬ, ಬೋದಿಗೆ, ಬೆಳಕಿಂಡಿಗಳ ಅಳತೆಯ ಚಿತ್ರ ಬರೆಯುವುದು ಅವರ ಪಾಠವಾಗಲಿ. ಹಳೆಯ ಮನೆ ಉಳಿಸಿಕೊಂಡ ಮಾಲೀಕರಿಗೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ, ಕೆಡವಲು ಪರವಾನಗಿ ಕೇಳಿದಾಗ ಒಮ್ಮೆ ನಿಂತು ನೋಡಲಿ. ಬೀದಿಯ ಸಾಲು, ಕಟ್ಟೆಯ ಎತ್ತರ, ಮಹಡಿಯ ಸಜ್ಜೆ ಇವಿಷ್ಟು ಉಳಿದರೂ ಒಳಗೆ ಹೊಸ ವ್ಯಾಪಾರ ನಡೆಯಲು ಯಾವ ಅಡ್ಡಿಯೂ ಇಲ್ಲ. ಈ ಮನೆಗಳನ್ನು ಕಟ್ಟಿದ್ದೇ ವ್ಯಾಪಾರಕ್ಕಾಗಿ.

ಸುಲಿಗೆ, ಬರ, ಪ್ಲೇಗು ಬಂದು ಹೋದಾಗಲೆಲ್ಲ ಈ ಪೇಟೆ ಯಾವ ದೊರೆಯ ಅಪ್ಪಣೆಗೂ ಕಾಯದೆ ತಾನೇ ಬಾಗಿಲು ತೆರೆಯಿತು. ಅಂಥ ಕಸುವಿನ ಜನಕ್ಕೆ ತಮ್ಮ ಅಜ್ಜಂದಿರ ಕೈಕೆಲಸವನ್ನು ಕಾಯ್ದುಕೊಳ್ಳುವುದು ಕಷ್ಟವಾಗಬಾರದು. ನಿಂತಿರುವ ಮನೆಗಳ ಪಟ್ಟಿಯನ್ನು ಈ ವರ್ಷವೇ ಶುರುಮಾಡಬೇಕು. ಪ್ರತಿ ಮಳೆಗಾಲ ಆ ಪಟ್ಟಿಯನ್ನು ಚಿಕ್ಕದು ಮಾಡುತ್ತಿದೆ.